ಹಳೇ ಯು-ಬೂಟ್ ಮುಟ್ಟದೆ ಹೊಸ ಕರ್ನಲ್ ಏರಿಸಿದ್ದು

ಯು-ಬೂಟ್ 1.1.4 ಎಂಬ ಹಳೇ ಬೂಟ್‌ಲೋಡರ್ (ಕರ್ನಲ್ಲನ್ನು ಮೆಮೊರಿಗೆ ತಂದು ಓಡಿಸುವ ಪ್ರೋಗ್ರಾಂ) ಇರುವ ಕಿರ್ಕ್‌ವುಡ್ ಬೋರ್ಡ್‌ನಲ್ಲಿ, ಅಂದರೆ ಮಾರ್ವೆಲ್‌ನ ಎಆರ್‌ಎಂ ಚಿಪ್‌ನ ಬೋರ್ಡ್‌ನಲ್ಲಿ, 6ರ ಸಾಲಿನ ಲಿನಕ್ಸ್ ಕರ್ನಲ್ ಏಳುವುದಿಲ್ಲ ಎಂದವರೇ ಹೆಚ್ಚು. ಏಳುತ್ತದೆ. ಆರು ಬೋರ್ಡ್‌ಗಳು ಹಾಗೇ ಓಡುತ್ತಿವೆ. ಎನ್ವಿರಾನ್‌ಮೆಂಟ್ (ಬೂಟ್‌ಲೋಡರ್ ಓದುವ ಸೆಟ್ಟಿಂಗ್‌ಗಳು) ತಿದ್ದಿದ್ದು ಬಿಟ್ಟರೆ ಬೂಟ್‌ಲೋಡರಿನ ಒಂದು ಬೈಟೂ ಬದಲಾಗಿಲ್ಲ. ಅದನ್ನೇ ಹೊಸದು ಮಾಡಲು ಹೋಗಿ ಮೊದಲು ಎರಡು ಬೋರ್ಡ್ ಸತ್ತವು. ಅವನ್ನು ಎಬ್ಬಿಸಲು ಬೇಕಾದ ಜೆಟ್ಯಾಗ್ ಸಾಧನ (ಚಿಪ್ಪನ್ನು ಹೊರಗಿನಿಂದ ನೇರ ನಿಯಂತ್ರಿಸುವಂಥದ್ದು) ಬೋರ್ಡಿಗಿಂತ ದುಬಾರಿ, ಹಾಗಾಗಿ ಅಲ್ಲಿಗೇ ಕೈಬಿಟ್ಟೆ.

ಈ ಯು-ಬೂಟ್‌ಗೆ ಡಿವೈಸ್ ಟ್ರೀ, ಅಂದರೆ ಬೋರ್ಡಿನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳುವ ಕಡತ, ಗೊತ್ತಿಲ್ಲ. ಯುಇಮೇಜ್ (ತಲೆಗೆ ಯು-ಬೂಟ್ ಹೆಡರ್ ಇರುವ ಕರ್ನಲ್ ಕಡತ) ಓದುತ್ತದೆ, ಎಟ್ಯಾಗ್ (ಮೆಮೊರಿ, ಕಮಾಂಡ್ ಲೈನ್ ವಿವರದ ಹಳೇ ಬಗೆಯ ಪಟ್ಟಿ) ಕೊಡುತ್ತದೆ, ಅಷ್ಟೆ. ಕರ್ನಲ್ ಕಾನ್ಫಿಗ್‌ನಲ್ಲಿ ಅಪೆಂಡೆಡ್ ಡಿಟಿಬಿ (ಡಿಟಿಬಿ ಅಂದರೆ ಡಿವೈಸ್ ಟ್ರೀಯ ಬೈನರಿ ರೂಪ) ಮತ್ತು ಎಟ್ಯಾಗ್ ಡಿಟಿಬಿ ಕಂಪ್ಯಾಟ್ ಎರಡೂ ಆನ್ ಆಗಬೇಕು. ಝಡ್‌ಇಮೇಜ್‌ನ (ತನ್ನನ್ನು ತಾನೇ ಬಿಚ್ಚಿಕೊಳ್ಳುವ ಕಂಪ್ರೆಸ್ ಆದ ಕರ್ನಲ್) ಬಾಲಕ್ಕೆ ಡಿಟಿಬಿ ಕ್ಯಾಟ್ ಮಾಡಿ, ಆಮೇಲೆ ಅದನ್ನು ಯುಇಮೇಜ್ ಮಾಡುವ ಎಂಕೆಇಮೇಜ್. ಲೋಡ್, ಎಂಟ್ರಿ ವಿಳಾಸ ಎರಡೂ ಹೆಕ್ಸ್ 8000, ಈ ಹಂತದಲ್ಲಿ ಮತ್ತೆ ಕಂಪ್ರೆಷನ್ ಬೇಡ. ಯುಇಮೇಜ್ ಆದ ಮೇಲೆ ಡಿಟಿಬಿ ಅಂಟಿಸಿದರೆ ಕೆಟ್ಟಿತು. 64 ಬೈಟ್ ಹೆಡರಿನಲ್ಲಿ ಹಳೇ ಗಾತ್ರವೇ ಇರುತ್ತದೆ, ಯು-ಬೂಟ್ ಅಷ್ಟನ್ನೇ ಮೆಮೊರಿಗೆ ನಕಲಿಸುತ್ತದೆ, ಬಾಲ ಅಲ್ಲೇ ಉಳಿಯುತ್ತದೆ. ಚೆಕ್‌ಸಮ್ ಮಾತ್ರ ಓಕೆ ಎನ್ನುತ್ತದೆ. ಆಮೇಲೆ ಸೀರಿಯಲ್‌ನಲ್ಲಿ ಮೌನ.

ದಿನಗಟ್ಟಲೆ ತಿಂದದ್ದು ಎಲ್2 ಕ್ಯಾಶ್, ಅಂದರೆ ಪ್ರೊಸೆಸರ್ ಮತ್ತು ರ್ಯಾಮ್ ನಡುವಿನ ವೇಗದ ಮೆಮೊರಿ. 'ಅನ್‌ಕಂಪ್ರೆಸಿಂಗ್ ಲಿನಕ್ಸ್' ಎಂದು ಒಮ್ಮೆ ಅಲ್ಲೇ ನಿಲ್ಲುತ್ತದೆ, ಇನ್ನೊಮ್ಮೆ ಸಿಆರ್‌ಸಿ ದೋಷ ಎನ್ನುತ್ತದೆ, ಮೂರನೇ ಸಲ ಸಲೀಸಾಗಿ ಏಳುತ್ತದೆ. ರ್ಯಾಮ್ ಕೆಟ್ಟಿದೆಯೆಂದೇ ಅನಿಸುತ್ತದೆ. ಅಸಲಿಗೆ ಬೂಟ್‌ಲೋಡರ್ ಎಲ್2 ಆನ್ ಇಟ್ಟೇ ಜಿಗಿಯುತ್ತದೆ. ಝಡ್‌ಇಮೇಜ್ ಬಿಚ್ಚುವ ಡಿಕಂಪ್ರೆಸರ್‌ಗೆ ಈ ಎಲ್2 ಇರುವುದೇ ಗೊತ್ತಿಲ್ಲ. ಝಡ್‌ಇಮೇಜ್ ಯಾವ ವಿಳಾಸದಲ್ಲಿದ್ದರೂ ಓಡುವುದರಿಂದ ಅದರ ತಲೆಗೆ ನಾಲ್ಕು ಬೈಟ್‌ನ ಕೆಲವು ಎಆರ್‌ಎಂ ಸೂಚನೆಗಳನ್ನು ಅಂಟಿಸಬಹುದು: ಎಲ್2 ಕ್ಲೀನ್ ಮಾಡಿ (ಅದರಲ್ಲಿದ್ದುದನ್ನು ರ್ಯಾಮ್‌ಗೆ ಬರೆದು), ನಂತರ ಪ್ರೊಸೆಸರಿನ ನಿಯಂತ್ರಣ ಘಟಕವಾದ ಸಿಪಿ15ರ ಎಕ್ಸ್‌ಟ್ರಾ ಫೀಚರ್ಸ್ ರಿಜಿಸ್ಟರಿನ 22ನೇ ಬಿಟ್, ಅಂದರೆ ಎಲ್2 ಆನ್ ಇಡುವ ಬಿಟ್, ಇಳಿಸುವುದು. ಮೊದಲೇ ಬಿಟ್ ಇಳಿಸಿದರೆ ಕ್ಯಾಶ್‌ನಲ್ಲಿದ್ದ ಡೇಟಾ ರ್ಯಾಮ್‌ಗೆ ಬರುವುದೇ ಇಲ್ಲ. ಸೂಚನೆಗಳ ಪೂರ್ತಿ ಪಟ್ಟಿ ಇಲ್ಲಿ ಕೊಡುತ್ತಿಲ್ಲ, ಕೈಯಾರೆ ಬರೆದರೇ ಅರ್ಥವಾಗುವುದು. ಪ್ರೊಸೆಸರಿನ ಆರ್2 ರಿಜಿಸ್ಟರ್ ಕೆಡಿಸಬೇಡಿ, ಎಟ್ಯಾಗ್ ವಿಳಾಸ ಅದರಲ್ಲೇ ಇರುತ್ತದೆ. ಮೊದಲ ಪ್ರತಿಯಲ್ಲಿ ಅದನ್ನು ಕೆಡಿಸಿದ್ದರೂ ಬೂಟ್ ಆಯಿತು: ಆರ್2ರಲ್ಲಿ ಎಟ್ಯಾಗ್ ಸಿಗದಿದ್ದರೆ ಡಿಕಂಪ್ರೆಸರ್ ರ್ಯಾಮ್ ಶುರುವಿನಿಂದ ಹೆಕ್ಸ್ 100ರಲ್ಲಿ ಹುಡುಕುತ್ತದೆ. ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಇನ್ನು ಗಾತ್ರ. ಕರ್ನಲ್‌ಗೆ ನ್ಯಾಂಡ್ ಫ್ಲಾಶ್‌ನಲ್ಲಿ 4 ಎಂಬಿ, ಒಂದು ಬ್ಯಾಡ್ ಬ್ಲಾಕ್ ಅಂದರೆ 128 ಕೆಬಿ ಹೋಯಿತು. ಝಡ್‌ಇಮೇಜನ್ನು ಎಕ್ಸ್‌ಝಡ್ ಕಂಪ್ರೆಷನ್‌ನಲ್ಲಿ 3.6 ಎಂಬಿ ಆಸುಪಾಸಿಗೆ ಇಳಿಸಿದೆ. ಎಲ್‌ಝಡ್‌ಒ ಕೂಡ ನೋಡಿದೆ, ಬಿಚ್ಚುವುದು ಬೇಗ, ಆದರೆ 4 ದಾಟಿತು. ನ್ಯಾಂಡ್, ಯುಬಿಐ (ಫ್ಲಾಶ್ ನಿಭಾಯಿಸುವ ಪದರ), ಸಾಟಾ ಡ್ರೈವರ್‌ಗಳನ್ನು ಮಾತ್ರ ಒಳಗಿಟ್ಟು ಉಳಿದದ್ದನ್ನು ಮಾಡ್ಯೂಲ್ ಮಾಡಿ ಇನಿಟ್‌ಆರ್‌ಡಿಗೆ (ಬೂಟ್ ವೇಳೆ ರ್ಯಾಮ್‌ನಲ್ಲಿ ಕೂರುವ ಪುಟ್ಟ ಫೈಲ್‌ಸಿಸ್ಟಂ) ಹಾಕಿದೆ. ಅಲ್ಲಿ ಮತ್ತೊಂದು ಪೆಟ್ಟು: ಇನಿಟ್‌ಆರ್‌ಡಿ ಹೆಕ್ಸ್ 800000ದಲ್ಲಿ ಕೂತಿತ್ತು, ಬಿಚ್ಚಿದ ಕರ್ನಲ್ ಹತ್ತು ಎಂಬಿ ಹತ್ತಿರ, ಅದರ ಮೇಲೆ ಸರಿದು ಕೂರುವ ಝಡ್‌ಇಮೇಜ್ ಬೇರೆ. ಎರಡೂ ಸೇರಿ ಇನಿಟ್‌ಆರ್‌ಡಿಯನ್ನು ತುಳಿದವು. ಅದನ್ನು ಹೆಕ್ಸ್ 2000000ಕ್ಕೆ, ಅಂದರೆ 32 ಎಂಬಿ ಗಡಿಗೆ ಒಯ್ದ ಮೇಲೆ ಕಾಟವಿಲ್ಲ.

ಕಮಾಂಡ್ ಲೈನ್‌ಗೆ, ಅಂದರೆ ಬೂಟ್ ಆಗುವಾಗ ಕರ್ನಲ್‌ಗೆ ಸಿಗುವ ಸೂಚನೆಗಳ ಸಾಲಿಗೆ, ಕಾನ್ಫಿಗ್‌ನ 'ಎಕ್ಸ್‌ಟೆಂಡ್' ಆಯ್ಕೆ ಬೇಡ ಎನ್ನುತ್ತೇನೆ. ಬೂಟ್‌ಲೋಡರಿನ ಸಾಲು ಡಿವೈಸ್ ಟ್ರೀಯ ಸಾಲಿನ ಬಾಲಕ್ಕೆ ಸೇರುತ್ತದೆ, ರೂಟ್ (ಮುಖ್ಯ ಫೈಲ್‌ಸಿಸ್ಟಂ ಎಲ್ಲಿದೆ ಎಂಬ ಸೂಚನೆ) ಎರಡು ಕಡೆ ಇದ್ದರೆ ಕೊನೆಯದೇ ಗೆಲ್ಲುತ್ತದೆ. ಹಳೇ ಎನ್ವಿರಾನ್‌ಮೆಂಟ್‌ನಲ್ಲಿ ಪಾರ್ಟಿಷನ್ ಎಣಿಕೆ ಯುಇಮೇಜ್‌ನಿಂದ ಶುರು, ಡಿವೈಸ್ ಟ್ರೀಯಲ್ಲಿ ಯು-ಬೂಟ್‌ನಿಂದ. ಹಳೇ ಎಂಟಿಡಿಪಾರ್ಟ್ಸ್‌ನಲ್ಲಿರುವ (ಕಮಾಂಡ್ ಲೈನ್‌ನಲ್ಲಿ ಬರುವ ಪಾರ್ಟಿಷನ್ ಪಟ್ಟಿ) ನ್ಯಾಂಡ್ ಹೆಸರನ್ನು ಹೊಸ ಡ್ರೈವರ್ ಗುರುತಿಸದಿದ್ದರೆ ಡಿವೈಸ್ ಟ್ರೀಯ ಎಣಿಕೆಯೇ ಜಾರಿಯಾಗುತ್ತದೆ. ಆಗ ಎಂಟಿಡಿಬ್ಲಾಕ್1 (ಸೊನ್ನೆಯಿಂದ ಎಣಿಸಿದರೆ ಎರಡನೇ ಪಾರ್ಟಿಷನ್) ಎಂದದ್ದು ರೂಟ್‌ಎಫ್‌ಎಸ್ ಬದಲು ಕರ್ನಲ್ಲನ್ನೇ ತೋರಿಸಿ ಪ್ಯಾನಿಕ್ ಆಗುತ್ತದೆ. 'ಫ್ರಮ್ ಬೂಟ್‌ಲೋಡರ್' ಆರಿಸಿ, ಎನ್ವಿರಾನ್‌ಮೆಂಟ್‌ನಲ್ಲಿ ರೂಟ್ ಸರಿಪಡಿಸಿದರೆ ಮುಗಿಯಿತು. ಈಥರ್ನೆಟ್ ವಿಳಾಸಕ್ಕೆ ಏನೂ ಮಾಡಬೇಕಿಲ್ಲ. ಬೂಟ್‌ಲೋಡರ್ ರಿಜಿಸ್ಟರ್‌ನಲ್ಲಿ ಬಿಟ್ಟುಹೋದ ಮ್ಯಾಕ್ ವಿಳಾಸವನ್ನು ಈಥರ್ನೆಟ್ ಘಟಕದ ಕ್ಲಾಕ್ ಆಫ್ ಮಾಡುವ ಮುಂಚೆಯೇ ಕರ್ನಲ್ ಎತ್ತಿಟ್ಟುಕೊಳ್ಳುತ್ತದೆ.