ಹಳೇ ಪ್ಲಗ್ ನೋಡದೆ ಬಿಸಾಡಬೇಡಿ: ಪಿಕಪ್ ಟ್ರಕ್ಕಿನ ಸ್ಪಾರ್ಕ್ ಪ್ಲಗ್ ನಾನೇ ಬದಲಾಯಿಸಿದ ಅನುಭವ

ನನ್ನದು ಪೆಟ್ರೋಲ್ ಪಿಕಪ್ ಟ್ರಕ್. ವಿ6 ಎಂಜಿನ್. ಸಿಲಿಂಡರ್‌ಗೊಂದು ಪ್ಲಗ್, ಪ್ಲಗ್ಗಿಗೊಂದು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಭಾಗ). ಖಾಲಿ ಓಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಹಿಂದೆ ಲೋಡ್ ಇದ್ದು ಏರು ಹತ್ತುವಾಗ ಮಾತ್ರ ಎಂಜಿನ್ ಮಿಸ್ ಹೊಡೆಯುತ್ತಿತ್ತು. ಪ್ಲಗ್ ಸವೆದಾಗ ಹೀಗೇ ಆಗೋದು. ಪ್ಲಗ್ಗಿನ ಎರಡು ತುದಿಗಳ ನಡುವಿನ ಗ್ಯಾಪ್ ಸವೆದು ಸವೆದು ಅಗಲವಾಗುತ್ತದೆ. ಗ್ಯಾಪ್ ಜಾಸ್ತಿಯಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡವೂ ಏರುತ್ತದೆ, ಆಗ ಇನ್ನೂ ಹೆಚ್ಚು ಬೇಕು. ಅಷ್ಟು ಕೊಡಲು ಕಾಯಿಲ್ ಕೈಲಿ ಆಗದಿದ್ದರೆ ಆ ಸಲದ ಪೆಟ್ರೋಲ್ ಸುಡದೆ ಹಾಗೇ ಹೊರಗೆ ಹೋಗುತ್ತದೆ.

ಸ್ಕ್ಯಾನರ್ ಹಾಕಿ ನೋಡಿದಾಗ ಪಿ0305 ಕೋಡ್ ಬಂತು. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್, ಅಂದರೆ 5ನೇ ಸಿಲಿಂಡರ್ ಮಿಸ್ ಆಗುತ್ತಿದೆ. ಚೆಕ್ ಎಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಮಿನುಗುತ್ತಿದ್ದರೆ ಮಾತ್ರ ಗಾಡಿ ನಿಲ್ಲಿಸಿಬಿಡಿ. ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಹಾಳು ಮಾಡುತ್ತದೆ. ಅದರ ಮುಂದೆ ಪ್ಲಗ್ಗಿನ ಖರ್ಚು ಏನೂ ಅಲ್ಲ.

ಒಂದು ಪ್ಲಗ್ ಸವೆದಿದ್ದರೆ ಉಳಿದವೂ ಅಷ್ಟೇ ಓಡಿರುತ್ತವೆ, ಹಾಗಾಗಿ ಆರನ್ನೂ ತಂದೆ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುವ ನಂಬರಿನ ಪ್ಲಗ್ಗೇ ತನ್ನಿ. ಆ ನಂಬರಿನಲ್ಲಿ ಹೀಟ್ ರೇಂಜ್ ಕೂಡ ಸೇರಿರುತ್ತದೆ, ಅಂದರೆ ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಹೆಡ್ಡಿಗೆ (ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಭಾಗಕ್ಕೆ) ದಾಟಿಸುತ್ತದೆ ಅನ್ನೋದು. ಎನ್‌ಜಿಕೆ, ಡೆನ್ಸೋ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದರೆ ಪ್ಲಗ್ 'ಕೋಲ್ಡ್', ಅಂದರೆ ಶಾಖ ಬೇಗ ದಾಟಿಸುವಂಥದ್ದು. ಬಾಷ್, ಚಾಂಪಿಯನ್‌ನಲ್ಲಿ ಉಲ್ಟಾ, ಅಂಕಿ ದೊಡ್ಡದಾದರೆ 'ಹಾಟ್'. ಕಂಪನಿ ಬದಲಾಯಿಸುವಾಗ ಅಂದಾಜಿನಲ್ಲಿ ಹೋಗಬೇಡಿ, ಸರಿಹೊಂದುವ ನಂಬರಿನ ಪಟ್ಟಿ ನೋಡಿಯೇ ತಗೊಳ್ಳಿ. ಹೊಸ ಪ್ಲಗ್ ಡಬ್ಬಿಯಿಂದ ತೆಗೆದ ಮೇಲೂ ಗ್ಯಾಪ್ ಒಮ್ಮೆ ನೋಡಿ. ಇರಿಡಿಯಂ ಪ್ಲಗ್ ಆದರೆ ತಂತಿಯ ಗೇಜ್ ಮಾತ್ರ ಬಳಸಿ. ನಾಣ್ಯದ ಆಕಾರದ ಗೇಜ್ ತುರುಕಿ ತಿರುಗಿಸಿದರೆ ನಡುವಿನ ಸಣ್ಣ ತುದಿ ಮುರಿಯಬಹುದು. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಹಾಕಲೇಬೇಡಿ. ಪಿಂಗಾಣಿಯ ಒಳಗೆ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ.

ಈ ಕೆಲಸವನ್ನು ಮನೆಯಲ್ಲೇ ಮಾಡಲು ನನಗಿರುವ ದೊಡ್ಡ ಕಾರಣ ಒಂದೇ: ಅವಸರ ಇರುವುದಿಲ್ಲ. ಈಗಿನ ಎಂಜಿನ್‌ಗಳ ಹೆಡ್ ಅಲ್ಯುಮಿನಿಯಂ. ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತು ಬರುವ ಅಪಾಯ ಇರುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಬಿಚ್ಚಿದರೆ ಆ ಚಿಂತೆಯೇ ಇಲ್ಲ. ಕೆಲವು ಎಂಜಿನ್‌ಗಳಲ್ಲಿ ಮಾತ್ರ ಬೇರೆ ಕ್ರಮ ಇರುತ್ತದೆ, ಹಾಗಾಗಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಮೊದಲು ಓದಿ.

ಬ್ಯಾಟರಿಯ ನೆಗೆಟಿವ್ ತೆಗೆದೆ. ಮೇಲಿನ ಕವರ್, ಗಾಳಿಯ ಪೈಪು ಬಿಚ್ಚಿ, ತೆರೆದ ಥ್ರಾಟಲ್ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿದೆ. ಕಾಯಿಲ್ ಕನೆಕ್ಟರಿನ ಲಾಕ್ ಬಿಸಿಗೆ ಬೆಂದು ಪುಡಿಪುಡಿ ಆಗುವಂತಿರುತ್ತದೆ. ಎಳೆಯುವ ಮೊದಲು ಕನೆಕ್ಟರನ್ನು ಸ್ವಲ್ಪ ಒಳಗೆ ಒತ್ತಿ, ಆಮೇಲೆ ಲಾಕ್ ಅದುಮಿ, ಆಗ ಸಲೀಸಾಗಿ ಬರುತ್ತದೆ. ಕಾಯಿಲ್ಲನ್ನೂ ನೇರ ಎಳೆಯಬಾರದು. ಅತ್ತಿತ್ತ ತಿರುಚಿದರೆ ಪ್ಲಗ್ಗಿಗೆ ಅಂಟಿದ ರಬ್ಬರ್ ಬೂಟ್ ಬಿಡುತ್ತದೆ.

ಕಾಯಿಲ್ ತೆಗೆದ ತಕ್ಷಣ ಸಾಕೆಟ್ ಇಳಿಸಬೇಡಿ. ಟಾರ್ಚ್ ಬಿಟ್ಟು ಪ್ಲಗ್ ಕೂತಿರುವ ಗುಂಡಿಯೊಳಗೆ ನೋಡಿ. ಮರಳು, ಧೂಳು, ಒಣಗಿದ ಎಲೆಯ ಚೂರು ಎಲ್ಲ ಇರುತ್ತವೆ. ಪ್ಲಗ್ ಬಿಚ್ಚಿದರೆ ಅದೆಲ್ಲ ನೇರ ಪಿಸ್ಟನ್ ಮೇಲೆ ಬೀಳುತ್ತದೆ. ಕನ್ನಡಕ ಹಾಕಿಕೊಂಡು ಗಾಳಿ ಊದಿದೆ. ಪ್ಲಗ್ ಒಂದೆರಡು ಸುತ್ತು ಸಡಿಲಾದ ಮೇಲೆ ಇನ್ನೊಮ್ಮೆ ಊದಿದೆ. ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಕಸ ಬಿಡುವುದು ಆಗಲೇ.

ಬಿಚ್ಚುವಾಗ ಮೊದಲು 'ಟಕ್' ಅಂತ ಬಿಟ್ಟು, ಆಮೇಲೆ ಹಗುರವಾಗಿ ತಿರುಗಬೇಕು. ನಡುವೆ ಮತ್ತೆ ಬಿಗಿಯಾದರೆ ಬಲ ಹಾಕಬೇಡಿ. ತುಕ್ಕು ಬಿಡಿಸುವ ಎಣ್ಣೆ ಸ್ವಲ್ಪ ಬಿಟ್ಟು, ಕಾದು, ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಅಂತ ಆಡಿಸಿ.

ಪಿಕಪ್ಪಿನಲ್ಲಿ ಕಷ್ಟ ಇರುವುದು ಹಿಂದಿನ ಎರಡು ಪ್ಲಗ್‌ಗಳಲ್ಲಿ. ಬಾನೆಟ್ ಎತ್ತರ, ಎಂಜಿನ್ ಒಳಗಡೆ, ಕ್ಯಾಬಿನ್ ಗೋಡೆ ಮುಖಕ್ಕೇ ಬರುತ್ತದೆ. ಗಟ್ಟಿ ಸ್ಟೂಲ್ ಹತ್ತಿ, ರೇಡಿಯೇಟರ್ ಮುಂದಿನ ಪಟ್ಟಿಯ ಮೇಲೆ ಕಂಬಳಿ ಮಡಿಸಿ ಹಾಕಿ ಎದೆ ಊರಿದೆ. ಉದ್ದನೆಯ ಎಕ್ಸ್‌ಟೆನ್ಷನ್ ರಾಡ್ ಒಂದೇ ಸಲ ಒಳಗೆ ಹೋಗುವುದಿಲ್ಲ. ಮೊದಲು ಸಾಕೆಟ್ಟನ್ನು ಸಣ್ಣ ರಾಡಿನ ಜೊತೆ ಗುಂಡಿಗೆ ಇಳಿಸಿ, ಅಲ್ಲೇ ಯೂನಿವರ್ಸಲ್ ಜಾಯಿಂಟ್ ಸೇರಿಸಿ, ಕೊನೆಗೆ ರ್‍ಯಾಚೆಟ್ ಹಾಕಿದೆ. ಜಾಯಿಂಟಿಗೆ ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿದ್ದೆ. ಬಾಗಬೇಕಾದಾಗ ಬಾಗುತ್ತದೆ, ಸುಮ್ನೆ ಜೋಲಾಡುವುದಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗ. ರಟ್ಟಿನ ಮೇಲೆ 1ರಿಂದ 6 ಬರೆದು, ತೂತು ಮಾಡಿ, ಯಾವ ಸಿಲಿಂಡರಿನ ಪ್ಲಗ್ ಆ ನಂಬರಿಗೆ ಚುಚ್ಚಿಟ್ಟೆ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಉರಿಯುವಿಕೆ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅಲ್ಲಿ ಬಿಸಿ ಮಿತಿಮೀರಿದೆ. ನನ್ನ ಆರೂ ಪ್ಲಗ್‌ಗಳ ತುದಿ ತಿಳಿ ಕಂದು ಇತ್ತು, ಗ್ಯಾಪ್ ಎಲ್ಲದರಲ್ಲೂ ಅಗಲವಾಗಿತ್ತು. ಹಾಗಾದರೆ 5ನೆಯದು ಮಾತ್ರ ಯಾಕೆ ಮಿಸ್ ಹೊಡೆಯಬೇಕು?

ಉತ್ತರ ತುದಿಯಲ್ಲಿ ಇರಲಿಲ್ಲ, ಮೇಲ್ಭಾಗದಲ್ಲಿತ್ತು. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಮೇಲಿನ ಟರ್ಮಿನಲ್‌ನಿಂದ ಶುರುವಾಗಿ, ಸ್ವಲ್ಪ ಸೊಟ್ಟಗೆ ಇಳಿದು, ಕಬ್ಬಿಣದ ಷಟ್ಕೋನಕ್ಕೆ ಮುಟ್ಟಿತ್ತು. ಲೋಡ್ ಬಿದ್ದಾಗ ಕಿಡಿ ಒಳಗಿನ ಗ್ಯಾಪ್ ಹಾರುವ ಬದಲು ಈ ಹೊರದಾರಿಯಲ್ಲೇ ಹೆಡ್ಡಿಗೆ ಇಳಿಯುತ್ತಿತ್ತು. ಬೂಟ್ ತಿರುವಿ ಒಳಗೆ ನೋಡಿದರೆ ಅಲ್ಲೂ ಅದೇ ಗೆರೆ. ಬೂಟ್ ಆಯಿಲ್‌ನಲ್ಲಿ ನೆನೆದು ಮೆತ್ತಗಾಗಿ ಊದಿತ್ತು. ಗುಂಡಿಯ ತಳದಲ್ಲೂ ಆಯಿಲ್ ನಿಂತಿತ್ತು, ಅದು ವಾಲ್ವ್ ಕವರಿನ ಪ್ಲಗ್ ಟ್ಯೂಬ್ ಸೀಲಿನಿಂದ ಇಳಿದದ್ದು. ಹಳೇ ಪ್ಲಗ್ ಬಿಸಾಡಿ ಹೊಸದನ್ನು ಮಾತ್ರ ಹಾಕಿದ್ದರೆ ಅದೇ ಬೂಟ್ ಹೊಸ ಪ್ಲಗ್ಗಿನ ಮೇಲೂ ಗೆರೆ ಎಳೆಯುತ್ತಿತ್ತು. ಆಯಿಲ್ ಒರೆಸಿ ತೆಗೆದು, ಸೀಲುಗಳ ಜೊತೆ ವಾಲ್ವ್ ಕವರ್ ಗ್ಯಾಸ್ಕೆಟ್ ಬದಲಾಯಿಸಿ, ಬೂಟ್ ಹೊಸದು ಹಾಕಿದೆ.

ಇಲ್ಲಿ ಒಂದು ಮಾತು. ಪಿಂಗಾಣಿ ಕಬ್ಬಿಣಕ್ಕೆ ಸೇರುವ ಜಾಗದಲ್ಲಿ ಸುತ್ತಲೂ ಕಂದು ಬಳೆ ಕಂಡರೆ ಹೆದರಬೇಡಿ. ಅದನ್ನು ಗ್ಯಾಸ್ ಲೀಕ್ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಜಾಸ್ತಿ ವೋಲ್ಟೇಜಿಗೆ ಗಾಳಿಯಲ್ಲಿರುವ ಎಣ್ಣೆ ಕಣಗಳು ಬಂದು ಅಂಟಿದ ಕಲೆ ಅದು. ಕೇಡೇನಿಲ್ಲ.

ಹೊಸ ಪ್ಲಗ್ ಹಾಕುವಾಗ ರ್‍ಯಾಚೆಟ್ ದೂರ ಇಡಿ. ಪ್ಲಗ್ಗಿನ ಮೇಲ್ತುದಿಗೆ ಪೆಟ್ರೋಲ್ ಪೈಪಿನ ಗೇಣುದ್ದದ ತುಂಡು ಸಿಕ್ಕಿಸಿ ಒಳಗೆ ಇಳಿಸಿದೆ. ಮೊದಲು ಎಡಕ್ಕೆ ತಿರುಗಿಸಿ. ಥ್ರೆಡ್ ಬಾಯಿ ಕೂಡಿದಾಗ ಬೆರಳಿಗೆ ಸಣ್ಣದೊಂದು ಕುಸಿತ ಗೊತ್ತಾಗುತ್ತದೆ. ಆಗ ಬಲಕ್ಕೆ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪು ಜಾರುತ್ತದೆ, ಹೆಡ್ ಹಾಳಾಗುವುದಿಲ್ಲ. ಕೊನೆವರೆಗೂ ಬೆರಳಿನಲ್ಲೇ ಹೋಗಬೇಕು.

ಬಿಗಿ ಮಾಡುವುದು ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ. ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ ಅಲ್ಯುಮಿನಿಯಂ ಹೆಡ್ಡಿನಲ್ಲಿ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ವಾಷರ್ ಇಲ್ಲದೆ ಇಳಿಜಾರಾಗಿ ಕೂರುವ ಪ್ಲಗ್ಗಿಗೆ ಇದಕ್ಕಿಂತ ಬಹಳ ಕಮ್ಮಿ. ರೆಂಚ್ ಇಲ್ಲದಿದ್ದರೆ ಬೆರಳಿಗೆ ಬಿಗಿಯಾದ ಮೇಲೆ ವಾಷರ್ ಇರುವುದಕ್ಕೆ ಅರ್ಧ ಸುತ್ತು ಅಥವಾ ಚೂರು ಜಾಸ್ತಿ. ಇಳಿಜಾರಿನದಕ್ಕೆ ಸುತ್ತಿನ 16ರಲ್ಲಿ ಒಂದು ಭಾಗ, ಅಷ್ಟೇ. ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿಸೀಜ್ ಗ್ರೀಸ್ ನಾನು ಹಚ್ಚುವುದಿಲ್ಲ. ಈಗಿನ ಪ್ಲಗ್‌ಗಳ ಥ್ರೆಡ್ಡಿಗೆ ಲೇಪ ಇದ್ದೇ ಇರುತ್ತದೆ. ಗ್ರೀಸಿನ ಜಾರಿಕೆಯಿಂದ ರೆಂಚ್ ತೋರಿಸುವ ಅಂಕಿ ಸರಿ ಇದ್ದರೂ ಪ್ಲಗ್ ಮಿತಿಮೀರಿ ಬಿಗಿಯಾಗುತ್ತದೆ. ಬೂಟ್ ಬಾಯಿಯ ಒಳಗೆ ಮಾತ್ರ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಬಿಡದ) ಗ್ರೀಸ್ ತೆಳುವಾಗಿ ಸವರಿದೆ. ಮುಂದಿನ ಸಲ ಸುಲಭವಾಗಿ ಬಿಡುತ್ತದೆ.

ಎಲ್ಲ ಸೇರಿಸಿ, ಥ್ರಾಟಲ್ ಬಾಯಿಯ ಬಟ್ಟೆ ಮರೆಯದೆ ತೆಗೆದು, ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ಎಂಜಿನ್ ಒಂದೇ ಸಮ ಓಡಿತು, ಲೋಡ್ ಹಾಕಿದರೂ ಕೋಡ್ ಮತ್ತೆ ಬರಲಿಲ್ಲ. ನಿಮ್ಮಲ್ಲಿ ಇಷ್ಟಾದ ಮೇಲೂ ಮಿಸ್ ಆದರೆ ಆ ಸಿಲಿಂಡರಿನ ಕಾಯಿಲ್ಲನ್ನು ಪಕ್ಕದ್ದಕ್ಕೆ ಹಾಕಿ ಓಡಿಸಿ ನೋಡಿ. ಕೋಡ್ ಕಾಯಿಲ್ ಜೊತೆ ಆ ಕಡೆ ಹೋದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ನೋಡಿಸಿ.