ಯಜಮಾನರು ಇರುವಾಗಲೇ ಹಿಸೆಯ ಮಾತು: ಶಿರಸಿಯ ತೋಟದ ಮನೆಗಳಲ್ಲಿ ನನ್ನ ಮಧ್ಯಸ್ಥಿಕೆಯ ಅನುಭವ

ಯಜಮಾನರು ಗಟ್ಟಿಯಾಗಿರುವಾಗಲೇ ಹಿಸೆಯ, ಅಂದರೆ ಆಸ್ತಿ ಪಾಲಿನ, ಮಾತೆತ್ತಿದರೆ ಮನೆ ಒಡೆಯುತ್ತದೆ ಎಂದು ವಕೀಲ ಮಿತ್ರರೂ ಪಂಚಾಯಿತಿಕೆಯ ಹಿರಿಯರೂ ನನ್ನನ್ನು ತಡೆಯುತ್ತಲೇ ಬಂದಿದ್ದರು. ಈಗ ಅದೇ ವಕೀಲರು ಅಡಿಕೆ ತೋಟದ ಕುಟುಂಬಗಳನ್ನು ನನ್ನ ಬಳಿಗೆ ಕಳುಹಿಸುತ್ತಿದ್ದಾರೆ. ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಮೊದಮೊದಲ ಮನೆಗಳಲ್ಲಿ ಮಾತುಕತೆ ಮುರಿದದ್ದು ನೆಲದ ಅಳತೆಯ ಮೇಲೆ. ಒಬ್ಬರು ಪಾಲು ಮಾಡಿ ಇನ್ನೊಬ್ಬರು ಮೊದಲು ಆರಿಸಿಕೊಳ್ಳುವ ಕ್ರಮವನ್ನೂ ಪ್ರಯೋಗಿಸಿದೆ. ಬಯಲುಸೀಮೆಯ ಹೊಲಕ್ಕೆ ಅದು ಹೊಂದೀತು, ನಮ್ಮ ಕಣಿವೆಯ ತೋಟಕ್ಕೆ ಹೊಂದಲಿಲ್ಲ. ಸಮನಾಗಿ ಸೀಳಿದರೂ ಮೇಲಿನ ತುಂಡಿಗೆ ಕೆರೆಯ ನೀರು ಮೊದಲು ಸಿಗುತ್ತದೆ, ಕೆಳಗಿನದರಲ್ಲಿ ಮಳೆಗಾಲಕ್ಕೆ ನೀರು ಬಸಿಯದೆ ಅಡಿಕೆ ಕಾಯಿ ಉದುರಿಸುವ ಕೊಳೆರೋಗ ಹೆಚ್ಚುತ್ತದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವಂತೂ ಎಕರೆ ತೋಟಕ್ಕೆ 9 ಎಕರೆಯವರೆಗೆ ಬಳಕೆಗೆ ಸಿಕ್ಕಿದ್ದರೂ ಅರಣ್ಯದ ನೆಲವೇ ಹೊರತು ಹಂಚಿಕೊಳ್ಳುವ ಸ್ವತ್ತಲ್ಲ. ಒಂದು ಮನೆಯಲ್ಲಿ ಎರಡು ತುಂಡುಗಳ ನಡುವಿನ ಒಂದೇ ಒಂದು ಪೈಪ್ ವಾಲ್ವ್ ಯಾರ ಕೈಯಲ್ಲಿರಬೇಕು ಎಂಬಲ್ಲಿಗೆ ಎಲ್ಲವೂ ನಿಂತುಹೋಯಿತು. ಆ ಮನೆಗಳಿಂದ ನನಗೆ ಪೆಟ್ರೋಲಿನ ಖರ್ಚೂ ಹುಟ್ಟಲಿಲ್ಲ.

ಆಮೇಲೆ ಅಳತೆಯನ್ನು ಕೊನೆಗೆ ತಳ್ಳಿ ಬೆಳೆಯಿಂದ ಮಾತು ಆರಂಭಿಸಿದೆ. ಹುಲೇಕಲ್ ಕಡೆಯ ಮನೆಯೊಂದರಲ್ಲಿ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಒಬ್ಬ ಮಗ ತೋಟದಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ, ಮಗಳು ಕುಮಟಾದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲಿದೆ ಎಂಬುದು 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇತ್ಯರ್ಥವಾದ ವಿಷಯ. ಹಾಗಿದ್ದೂ ಹಬ್ಬಕ್ಕೆ ಬಂದ ಮಗಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಹೋಗಿಲ್ಲ, ಮತ್ತು ಅಂಥ ಪತ್ರದ ಕೆಲಸವನ್ನು ನಾನು ಹಿಡಿಯುವುದಿಲ್ಲ. ಆಕೆ ಹೇಳಿದ್ದು ಇಷ್ಟು: "ಅಪ್ಪಯ್ಯಾ, ನಂಗೆ ಮರ ಬೇಡ. ಕೊಡೂದನ್ನ ಬರೆದುಕೊಡು, ಅಲ್ಲಿ ಮನೇಲಿ ನಾನು ಉತ್ತರ ಹೇಳಬೇಕು."

ಬೆಂಗಳೂರಿನ ಮಗ ತನ್ನ ಪಾಲಿಗೆ ವರ್ಷಕ್ಕೆ ಲಕ್ಷ ರೂಪಾಯಿಯಂತೆ ಕೇಳಿದ. ಕೊಳೆ ಬಂದ ವರ್ಷ ತಮ್ಮ ಅದನ್ನು ಎಲ್ಲಿಂದ ತರಬೇಕು? ರೂಪಾಯಿಯ ಬದಲು ಬೆಳೆಯ ಪಾಲನ್ನೇ ಬರೆಸಿದೆ: ಮಾರಿದ ಪ್ರತಿ ಹತ್ತು ಕ್ವಿಂಟಾಲ್ ರಾಶಿ (ಬೇಯಿಸಿ ಒಣಗಿಸಿದ ಕೆಂಪು) ಅಡಿಕೆಯಲ್ಲಿ ಅಣ್ಣನಿಗೂ ತಂಗಿಗೂ ತಲಾ ಒಂದೂವರೆ ಕ್ವಿಂಟಾಲಿನ ಹಣ, ಆ ದಿನದ ಶಿರಸಿ ದರದಲ್ಲಿ, ಹತ್ತು ವರ್ಷ. ಆಯಿಯ, ಅಂದರೆ ತಾಯಿಯ, ಹೆಸರಿಗೆ ಮನೆ ಹಿಂದಿನ ಅರ್ಧ ಎಕರೆ. ಇದನ್ನು ನೋಂದಾಯಿಸದೆ ಒಂದು ಕೊಯ್ಲಿನಿಂದ ಮುಂದಿನ ಕೊಯ್ಲಿನವರೆಗೆ ನಡೆಸಿ ನೋಡಿದೆವು. ಆ ವರ್ಷವೇ ಮಳೆ ಬಿಡದೆ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದು ತಡವಾಗಿ ಫಸಲು ಮೂರನೇ ಒಂದರಷ್ಟು ಇಳಿಯಿತು. ಎಲ್ಲರ ಪಾಲೂ ಅದೇ ಲೆಕ್ಕದಲ್ಲಿ ಇಳಿದದ್ದರಿಂದ ಜಗಳ ಹುಟ್ಟಲಿಲ್ಲ. ವಿಭಾಗ ಪತ್ರ ನೋಂದಣಿಯಾಯಿತು.

ಸೊಸೆಯಂದಿರನ್ನು ಮಾತ್ರ ಕೂರಿಸಿಕೊಂಡು ಮಾತನಾಡುವುದನ್ನು ನಡುವೆ ಎರಡು ಮೂರು ಮನೆಗಳಲ್ಲಿ ಮಾಡಿ ನೋಡಿದೆ. ಗಂಡಸರು ಮುಚ್ಚಿಟ್ಟ ಸೊಸೈಟಿ ಸಾಲದ ನಿಜವಾದ ಮೊತ್ತ ತಿಳಿದದ್ದು ಅಲ್ಲಿಯೇ. ಯಜಮಾನರಿಗೆ ನಾನು ಮೊದಲು ಕೇಳುವ ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮೊದಲೇ ತಿಳಿದರೆ ಅದಕ್ಕೆ ಸಿದ್ಧ ಉತ್ತರ ಬರುತ್ತದೆ.

ನನ್ನ ಶುಲ್ಕ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ, ಅರ್ಧ ಮೊದಲು, ಅರ್ಧ ನೋಂದಣಿಯ ನಂತರ. ಹಿಸೆಯ ದಾವೆಗೆ ಬಿದ್ದ ಮನೆಗಳು ವರ್ಷಗಟ್ಟಲೆ ಅಲೆದು ಲಕ್ಷಗಳಲ್ಲಿ ಕಳೆಯುವುದನ್ನು ಕಂಡವರಿಗೆ ಇದು ಹೆಚ್ಚೆನಿಸದು. ಮಾತು ಕೂಡಿಸುವುದಕ್ಕಿಂತ ನೋಂದಣಿಗೆ ಬೇಕಾದ 11ಇ ನಕ್ಷೆಗೆ (ಪಾಲಾಗುವ ಜಮೀನಿನ ಸರ್ವೆ ನಕ್ಷೆಗೆ) ಕಾಯುವುದೇ ದೀರ್ಘವಾಗುವುದರಿಂದ, ಒಪ್ಪಂದವನ್ನು ನಡೆಸಿ ನೋಡುವ ವರ್ಷ ಆರಂಭವಾದ ತಿಂಗಳಲ್ಲೇ ಅದಕ್ಕೆ ಅರ್ಜಿ ಹಾಕಿಸುತ್ತೇನೆ.