ಚಿಪ್ಪಿಗೆ ಡಬ್ಬಿ ಬೇಕು, ಅಂಕ ಬೇಡ: ನನ್ನ ಅನುಭವ

ಕ್ಯಾಸಿನೊ ಚಿಪ್ಪುಗಳನ್ನು, ಅಂದರೆ ಜೂಜಿನ ಮೇಜಿನಲ್ಲಿ ಹಣದ ಬದಲು ಬಳಸುವ ಬಿಲ್ಲೆಗಳನ್ನು, ನಾಣ್ಯಗಳಂತೆ ಸ್ಲ್ಯಾಬಿನೊಳಗೆ (ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ) ಶಾಶ್ವತವಾಗಿ ಮುಚ್ಚಿ ಅವುಗಳ ಸ್ಥಿತಿಗೆ ಅಂಕ ಕೊಡಬೇಕೆ ಎಂಬ ವಾದದಲ್ಲಿ ನಾನು ಎರಡೂ ಪಕ್ಷಗಳಿಂದ ಬೈಸಿಕೊಂಡವನು. ಮುಚ್ಚೋಣ, ಆದರೆ ಅಂಕ ಬೇಡ, ಅಂಚು ಸುತ್ತಲೂ ಕಾಣಲಿ ಎಂದಾಗ ಹಳೆಯ ಸಂಗ್ರಾಹಕರು ನಕ್ಕಿದ್ದರು. ಈಗ ಅವರಲ್ಲೇ ಕೆಲವರು ನನ್ನ ಡಬ್ಬಿಗಳನ್ನು ಕೇಳಿ ಪಡೆಯುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬೇರೆ ಮೌಲ್ಯದ ಚಿಪ್ಪುಗಳೊಡನೆ ಪೇರಿಸಿಟ್ಟಾಗಲೂ ಕ್ಯಾಮೆರಾದಲ್ಲಿ ಗುರುತು ಹತ್ತುವಂತೆ ಅಂಚು ಇರಬೇಕೆಂಬುದು ಅಮೆರಿಕದ ನೆವಾಡಾ ರಾಜ್ಯದ ನಿಯಮ. ಸವಕಳಿಯೂ ಮೊದಲು ಕಾಣುವುದು ಅಲ್ಲಿಯೇ. ನಾನು ಕೊಂಡಿದ್ದ ಸ್ಲ್ಯಾಬುಗಳ ಚೌಕಟ್ಟು ಮುಚ್ಚುತ್ತಿದ್ದುದೂ ಆ ಭಾಗವನ್ನೇ. 1993ರಲ್ಲಿ ಮುಚ್ಚಿದ ಲಾಸ್ ವೇಗಸ್ ಕ್ಯಾಸಿನೊ ಡ್ಯೂನ್ಸ್‌ನ 5 ಡಾಲರಿನ ಚಿಪ್ಪೊಂದನ್ನು ಅದರ ಅಂಕ ನಂಬಿ ಸುಮಾರು 70 ಡಾಲರಿಗೆ ಕೊಂಡು, ಸ್ಲ್ಯಾಬು ಒಡೆದು ನೋಡಿದರೆ ಅಂಚು ಸಾಬೂನಿನಂತೆ ದುಂಡಗಾಗಿತ್ತು. ಈ ಅಂಕಗಳ ಮೂಲವಾದ, 1ರಿಂದ 70ರವರೆಗಿನ ಅಳತೆಯನ್ನು ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ್ದು ಅಮೆರಿಕದ ಹಳೆಯ ದೊಡ್ಡ ಸೆಂಟುಗಳಿಗಾಗಿ. ಮೇಜಿನ ಮೇಲೆ ಉಜ್ಜಿಸಿಕೊಳ್ಳಲೆಂದೇ ಹುಟ್ಟಿದ ವಸ್ತುವಿಗೆ ಅದನ್ನು ಹೊಂದಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಡಬ್ಬಿ ಕೈಗೂಡುವ ಮುನ್ನ 200 ಡಾಲರಾದರೂ ಹೋಗಿರಬೇಕು. ಸಾಮಾನ್ಯ ಚಿಪ್ಪಿನ ವ್ಯಾಸ 1.55 ಇಂಚು, ಅಂದರೆ 39 ಮಿಲಿಮೀಟರಿಗೆ ತುಸು ಹೆಚ್ಚು. ಮಾರ್ಗನ್ ಡಾಲರೆಂಬ ಹಳೆಯ ಬೆಳ್ಳಿ ನಾಣ್ಯದ 38.1 ಮಿಲಿಮೀಟರ್ ಕ್ಯಾಪ್ಸೂಲಿನೊಳಗೆ (ನಾಣ್ಯ ಇಡುವ ದುಂಡು ಪ್ಲಾಸ್ಟಿಕ್ ಕರಡಿಗೆಯೊಳಗೆ) ಅದು ಇಳಿಯುವುದೇ ಇಲ್ಲ. ಸಿಲ್ವರ್ ಈಗಲ್ ಎಂಬ ಬೆಳ್ಳಿ ನಾಣ್ಯದ 40.6ರ ಕ್ಯಾಪ್ಸೂಲಿನಲ್ಲಿ ಇಳಿದು ಅಲುಗಾಡುತ್ತದೆ, ಆದರೆ ದಪ್ಪ 0.130 ಇಂಚು ಇರುವುದರಿಂದ ನಾನು ತರಿಸಿದವುಗಳ ಮುಚ್ಚಳ ಪೂರ್ತಿ ಕೂರಲಿಲ್ಲ. ಅಲುಗಾಡದಿರಲೆಂದು ಕಪ್ಪು ಫೋಮ್ ಬಳೆ ಹಾಕಿದೆ, ಅಂಚು ಮರೆಯಾಯಿತು. ಪಿವಿಸಿ ಚೀಲಗಳು ಕೆಲವು ತಿಂಗಳಲ್ಲೇ ಜಿಗುಟಾದವು.

ಕೊನೆಗೆ ಗೆದ್ದದ್ದು ಎರಡು ಅಕ್ರಿಲಿಕ್ ಫಲಕ, ನಾಲ್ಕು ಮೂಲೆಗಳಲ್ಲಿ ತಿರುಪು, ಚಿಪ್ಪಿನ ಅಂಚನ್ನು ಮೂರೇ ಕಡೆ ಮುಟ್ಟುವ ಸಣ್ಣ ಗೂಟಗಳು. ಗೂಟ ಯಾವುದರದ್ದು, ಬಾಗಿದ ಚಿಪ್ಪಿನ ಇನ್‌ಲೇಗೆ (ನಡುವಿನ ಮುದ್ರಿತ ಭಾಗಕ್ಕೆ) ಫಲಕ ತಗುಲದಂತೆ ತಿರುಪುಗಳನ್ನು ಯಾವ ಕ್ರಮದಲ್ಲಿ ಬಿಗಿಯುತ್ತೇನೆ ಎಂಬುದನ್ನು ಸದ್ಯಕ್ಕೆ ಹೇಳಲಾರೆ. ಸಂದಿನ ಮೇಲೆ ತೆಗೆದರೆ ಹರಿದುಹೋಗುವ ಚೀಟಿ ಅಂಟಿಸುತ್ತೇನೆ: ಬೇಕಾದವರು ತೆರೆಯಬಹುದು, ತೆರೆದದ್ದು ಮಾತ್ರ ಗುಟ್ಟಾಗಿ ಉಳಿಯದು. ಒಂದಕ್ಕೆ 4 ಡಾಲರಿನ ಆಸುಪಾಸು ಖರ್ಚು. ಅಂಕದ ಬದಲು, ಓರೆ ಬೆಳಕಿನಲ್ಲಿ ತೆಗೆದ ಅಂಚಿನ ಚಿತ್ರಗಳನ್ನೂ ಪಾಲ್ಸನ್ ಕಂಪನಿಯ ಚಿಪ್ಪಾದರೆ ಅದರ ಗುರುತಾದ ಟೋಪಿ ಮತ್ತು ಬೆತ್ತದ ಅಚ್ಚು ಎಷ್ಟು ಆಳ ಉಳಿದಿದೆಯೆಂಬುದನ್ನು ತೋರುವ ಚಿತ್ರವನ್ನೂ ಜೊತೆಗಿಡುತ್ತೇನೆ.

ಈ ನಡುವೆ ಮಿನರಲ್ ಎಣ್ಣೆಯ ಕಡೆಗೂ ಗಮನ ಹೋಯಿತು. ಮಂಕಾದ ಕ್ಲೇ ಚಿಪ್ಪಿಗೆ ಸವರಿದರೆ ಬಣ್ಣ ಹೊಸದರಂತೆ ಏಳುತ್ತದೆ, ಮುಚ್ಚಿದ ಸ್ಲ್ಯಾಬಿನ ಹೊರಗಿನಿಂದ ಕೇವಲ ನೋಡಿ ಅದನ್ನು ಹಿಡಿಯುವುದು ಕಷ್ಟ. ಸವರಿದ ಚಿಪ್ಪನ್ನು ತೆಳುಗಾಗದದ ಮೇಲೆ ಕೆಲವು ವಾರ ಇಟ್ಟಾಗ ಕಾಗದದಲ್ಲಿ ಎಣ್ಣೆಯ ಉಂಗುರ ಮೂಡಿತು. ಆಮೇಲಿನಿಂದ ಮುಚ್ಚುವ ಪ್ರತಿಯೊಂದಕ್ಕೂ ಈ ಪರೀಕ್ಷೆ ಕಡ್ಡಾಯ ಮಾಡಿದ್ದೇನೆ.

ಡಬ್ಬಿಯಿಲ್ಲದೆ 30 ಡಾಲರಿಗೂ ಚೌಕಾಸಿಯಾಗುತ್ತಿದ್ದ ಚಿಪ್ಪು ಈಗ ಡಬ್ಬಿ ಮತ್ತು ಚಿತ್ರಗಳೊಡನೆ 45ರ ಹತ್ತಿರ ಹೋಗುತ್ತಿದೆ, ಹಿಂತಿರುಗಿ ಬರುವುದು ಅಪರೂಪ. ಬ್ಯಾಕರಾ ಎಂಬ ಇಸ್ಪೀಟಾಟದ 1.6875 ಇಂಚಿನ ಚಿಪ್ಪುಗಳಿಗೆ ಫಲಕವನ್ನು ಬೇರೆಯಾಗಿ ಕತ್ತರಿಸಬೇಕು, ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ಅವುಗಳಲ್ಲಿ 100 ಡಾಲರಿಗೆ ಮೇಲೆ ಬೆಲೆಬಾಳುವವನ್ನು ಮಾತ್ರ ಡಬ್ಬಿಗೆ ಹಾಕುತ್ತಿದ್ದೇನೆ.